ಎಲ್ಲರನ್ನೂ ಒಳಗೊಳ್ಳುವ ಸುಸ್ಥಿರ ಅಭಿವೃದ್ಧಿ: ಏಷ್ಯಾದ ಐದು ರಾಷ್ಟ್ರಗಳ ನೀತಿಗಳು ಮತ್ತು ಅನುಭವ

ಪೀಠಿಕೆ

ಸರ್ಕಾರದ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಇಷ್ಟು ದಾಖಲೆಗಳನ್ನು ಏಕೆ ಒದಗಿಸಬೇಕು ಎಂಬುದು ಮೊದಲನೆಯದು. ಅರ್ಹತೆ ಇದ್ದರೂ ಪಟ್ಟಿಯಲ್ಲಿ ಹೆಸರು ಏಕೆ ಸೇರಲಿಲ್ಲ ಎಂಬುದು ಎರಡನೆಯದು. ಈ ಪ್ರಶ್ನೆಗಳು ಒಂದು ಕಚೇರಿಗೆ ಅಥವಾ ಒಂದು ದೇಶಕ್ಕೆ ಸೀಮಿತವಾದವುಗಳಲ್ಲ. ಏಷ್ಯಾ ಖಂಡದ ಅನೇಕ ರಾಷ್ಟ್ರಗಳು ಇವೇ ಪ್ರಶ್ನೆಗಳನ್ನು ಎದುರಿಸಿ, ತಮ್ಮ ತಮ್ಮ ಪರಿಸ್ಥಿತಿಗೆ ಅನುಗುಣವಾಗಿ ಬೇರೆ ಬೇರೆ ಮಾರ್ಗಗಳನ್ನು ಅನುಸರಿಸಿವೆ. ಥಾಯ್ಲೆಂಡ್, ಬಾಂಗ್ಲಾದೇಶ, ಇಂಡೋನೇಷ್ಯಾ, ನೇಪಾಳ ಮತ್ತು ಭಾರತದ ಅನುಭವಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಪುಟದಲ್ಲಿ ಸಂಕ್ಷಿಪ್ತವಾಗಿ ವಿವರಿಸಲಾಗಿದೆ.

1. ಸುಸ್ಥಿರ ಅಭಿವೃದ್ಧಿ ಎಂದರೇನು?

ಇಂದಿನ ಜನರ ಅಗತ್ಯಗಳನ್ನು ಪೂರೈಸುವಾಗ ಮುಂದಿನ ಪೀಳಿಗೆಯವರ ಅಗತ್ಯಗಳಿಗೆ ಕೊರತೆಯಾಗದಂತೆ ನಡೆದುಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ. ನಾರ್ವೆ ದೇಶದ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವು 1987ರಲ್ಲಿ ಸಲ್ಲಿಸಿದ ವರದಿಯಿಂದ ಈ ಪರಿಕಲ್ಪನೆಯು ವ್ಯಾಪಕವಾಗಿ ಬಳಕೆಗೆ ಬಂದಿತು. 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ ಮೊದಲ ಮಾನವ ಅಭಿವೃದ್ಧಿ ವರದಿಯು ಪ್ರಕಟವಾಯಿತು. ಭಾರತದ ಅಮರ್ತ್ಯ ಸೇನ್ ಅವರೂ ಈ ಕಾರ್ಯದಲ್ಲಿ ನೆರವಾದರು. ದೇಶದ ಪ್ರಗತಿಯನ್ನು ವರಮಾನದಿಂದ ಮಾತ್ರ ಅಳೆಯದೆ, ಜನರ ಆರೋಗ್ಯ ಮತ್ತು ಶಿಕ್ಷಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಈ ವರದಿಯ ಆಶಯ.

2015ರ ಸೆಪ್ಟೆಂಬರ್ ತಿಂಗಳಿನಲ್ಲಿ ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳು 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಅಂಗೀಕರಿಸಿದವು. 2030ರೊಳಗೆ ಸಾಧಿಸಬೇಕಾದ ಈ ಗುರಿಗಳ ಮೂಲ ತತ್ವವೆಂದರೆ ಯಾರೊಬ್ಬರೂ ಹಿಂದುಳಿಯಬಾರದು ಎಂಬುದು. ಈ ತತ್ವವನ್ನು ಒಪ್ಪುವುದು ಸುಲಭ. ಇದನ್ನು ಅರ್ಜಿ ನಮೂನೆ, ಅರ್ಹತಾ ನಿಯಮ ಹಾಗೂ ಫಲಾನುಭವಿಗಳ ಪಟ್ಟಿಯ ರೂಪಕ್ಕೆ ತರುವಾಗ ಕಷ್ಟಗಳು ಆರಂಭವಾಗುತ್ತವೆ.

2. ಎರಡು ಬಗೆಯ ತಪ್ಪುಗಳು

ಯಾವುದೇ ಸೌಲಭ್ಯವನ್ನು ವಿತರಿಸುವಾಗ ಎರಡು ಬಗೆಯ ತಪ್ಪುಗಳು ಸಂಭವಿಸಬಹುದು. ಅನರ್ಹರು ಪಟ್ಟಿಗೆ ಸೇರುವುದು ಒಂದು. ಅರ್ಹರು ಪಟ್ಟಿಯಿಂದ ಹೊರಗುಳಿಯುವುದು ಇನ್ನೊಂದು. ಒಂದನ್ನು ತಡೆಯಲು ನಿಯಮಗಳನ್ನು ಬಿಗಿಗೊಳಿಸಿದಂತೆಲ್ಲ ಇನ್ನೊಂದು ಹೆಚ್ಚಾಗುವ ಸಂಭವವಿರುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದ ಇವೆರಡರ ನಡುವೆ ಗಮನಾರ್ಹ ವ್ಯತ್ಯಾಸವಿದೆ. ಅನರ್ಹ ವ್ಯಕ್ತಿಗೆ ಸಂದಾಯವಾದ ಹಣವು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಯಾಗಿ ದಾಖಲಾಗುತ್ತದೆ. ಅರ್ಹ ವ್ಯಕ್ತಿಗೆ ಸಂದಾಯವಾಗದೆ ಹೋದ ಹಣವು ವರ್ಷಾಂತ್ಯದಲ್ಲಿ ಉಳಿತಾಯವಾಗಿ ತೋರುತ್ತದೆ. ಆ ವ್ಯಕ್ತಿಯ ಹೆಸರು ಯಾವ ವಹಿಯಲ್ಲಿಯೂ ಇರುವುದಿಲ್ಲ. ಆದುದರಿಂದ ಎರಡನೆಯ ತಪ್ಪನ್ನು ಪತ್ತೆ ಹಚ್ಚಲು ಪ್ರತ್ಯೇಕ ವ್ಯವಸ್ಥೆಯನ್ನು ಮಾಡದಿದ್ದಲ್ಲಿ ಅದು ಹಾಗೆಯೇ ಉಳಿದುಬಿಡುತ್ತದೆ. ನೈಸರ್ಗಿಕ ಸಂಪನ್ಮೂಲಗಳಿಗೂ ಈ ಮಾತು ಅನ್ವಯಿಸುತ್ತದೆ. ಕಡಿದು ಮಾರಿದ ಮರವು ಆದಾಯವಾಗಿ ಜಮೆಯಾಗುತ್ತದೆ. ಬತ್ತಿದ ಒರತೆಯನ್ನು ಖರ್ಚಿನ ಬಾಬಿನಲ್ಲಿ ಯಾರೂ ಬರೆಯುವುದಿಲ್ಲ. ಲೆಕ್ಕದಲ್ಲಿ ಕಾಣದ ಈ ನಷ್ಟಗಳನ್ನು ಐದು ದೇಶಗಳು ಹೇಗೆ ನಿಭಾಯಿಸಿದವು ಎಂಬುದನ್ನು ಮುಂದೆ ನೋಡಬಹುದು.

3. ಥಾಯ್ಲೆಂಡ್: ಬಡವರ ಪಟ್ಟಿಯನ್ನೇ ಕೈಬಿಟ್ಟ ಆರೋಗ್ಯ ಯೋಜನೆ

ಥಾಯ್ಲೆಂಡ್‌ನಲ್ಲಿ 1975ರಿಂದ ಕಡಿಮೆ ಆದಾಯದವರಿಗೆ ಉಚಿತ ಚಿಕಿತ್ಸೆ ನೀಡುವ ಯೋಜನೆಯಿತ್ತು. ಇದಕ್ಕಾಗಿ ಬಡ ಕುಟುಂಬಗಳನ್ನು ಗುರುತಿಸಿ ಕಾರ್ಡ್ ವಿತರಿಸಲಾಗುತ್ತಿತ್ತು. ಕಾಲಕ್ರಮೇಣ, ಅನೇಕ ಬಡವರಿಗೆ ಕಾರ್ಡ್ ದೊರೆತಿಲ್ಲವೆಂದೂ ಬಡವರಲ್ಲದ ಹಲವರ ಬಳಿ ಕಾರ್ಡ್ ಇದೆಯೆಂದೂ ಅಧ್ಯಯನಗಳಿಂದ ತಿಳಿದುಬಂದಿತು. ಸರ್ಕಾರಿ ನೌಕರರಿಗೆ ಹಾಗೂ ಖಾಸಗಿ ಸಂಸ್ಥೆಗಳ ಕಾರ್ಮಿಕರಿಗೆ ಪ್ರತ್ಯೇಕ ಯೋಜನೆಗಳಿದ್ದವು. ಆದರೂ 2001ಕ್ಕೆ ಮುನ್ನ ಜನಸಂಖ್ಯೆಯ ಸುಮಾರು ಶೇಕಡಾ 30ರಷ್ಟು ಜನರಿಗೆ ಯಾವ ಆರೋಗ್ಯ ರಕ್ಷಣೆಯೂ ಇರಲಿಲ್ಲ. ಒಂದು ಶಸ್ತ್ರಚಿಕಿತ್ಸೆಗಾಗಿ ಹೊಲವನ್ನೋ ಜಾನುವಾರನ್ನೋ ಮಾರುವ ಸ್ಥಿತಿ ಇಂತಹ ಕುಟುಂಬಗಳದಾಗಿತ್ತು.

2001ರ ಏಪ್ರಿಲ್‌ನಲ್ಲಿ ಆರು ಪ್ರಾಂತಗಳಲ್ಲಿ ಹೊಸ ಯೋಜನೆಯು ಆರಂಭವಾಗಿ 2002ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಪ್ರತಿ ಭೇಟಿಗೆ 30 ಬಹ್ತ್ ಮಾತ್ರ ಪಾವತಿಸಬೇಕಾಗಿದ್ದರಿಂದ ಇದು 30 ಬಹ್ತ್ ಯೋಜನೆಯೆಂದೇ ಹೆಸರಾಯಿತು. ಬಡವರು ಯಾರು ಎಂಬ ಪರಿಶೀಲನೆಯನ್ನೇ ಇಲ್ಲಿ ಕೈಬಿಡಲಾಯಿತು. ಉಳಿದ ಎರಡು ಯೋಜನೆಗಳಿಗೆ ಸೇರದ ಎಲ್ಲ ಪ್ರಜೆಗಳೂ ಇದರ ವ್ಯಾಪ್ತಿಗೆ ಬಂದರು. 2002ರ ನವೆಂಬರ್‌ನಲ್ಲಿ ರಾಷ್ಟ್ರೀಯ ಆರೋಗ್ಯ ಭದ್ರತಾ ಕಾಯ್ದೆಯು ಜಾರಿಗೆ ಬಂದು, ಯೋಜನೆಯು ಕಾನೂನಿನ ಹಕ್ಕಾಯಿತು.

1997ರ ಆರ್ಥಿಕ ಬಿಕ್ಕಟ್ಟಿನಿಂದ ಆಗತಾನೇ ಚೇತರಿಸಿಕೊಳ್ಳುತ್ತಿದ್ದ ದೇಶಕ್ಕೆ ಇದರ ವೆಚ್ಚವನ್ನು ಭರಿಸಲು ಹೇಗೆ ಸಾಧ್ಯವಾಯಿತು ಎಂಬುದು ಸಹಜ ಪ್ರಶ್ನೆ. ಪ್ರತಿ ಚಿಕಿತ್ಸೆಗೂ ಬಿಲ್ಲು ಪಾವತಿಸುವ ಬದಲು, ಹೊರರೋಗಿ ಸೇವೆಗಾಗಿ ಆಸ್ಪತ್ರೆಗೆ ಅದರ ವ್ಯಾಪ್ತಿಯಲ್ಲಿ ನೋಂದಾಯಿತರಾದ ಜನರ ಸಂಖ್ಯೆಗೆ ತಕ್ಕಂತೆ ತಲಾ ಇಂತಿಷ್ಟು ಮೊತ್ತವನ್ನು ತೆರಿಗೆಯ ಹಣದಿಂದ ನೀಡುವ ಪದ್ಧತಿಯನ್ನು ಅನುಸರಿಸಲಾಯಿತು. ಇದರಿಂದ ವೆಚ್ಚವನ್ನು ಮುಂಚಿತವಾಗಿ ಅಂದಾಜು ಮಾಡಲು ಅನುಕೂಲವಾಯಿತು. ಅದಕ್ಕೂ ಮುಂಚಿನ ದಶಕಗಳಲ್ಲಿ ಜಿಲ್ಲಾ ಮಟ್ಟದ ಆಸ್ಪತ್ರೆಗಳನ್ನು ಗ್ರಾಮಾಂತರ ಪ್ರದೇಶಗಳಲ್ಲಿ ನಿರ್ಮಿಸಿದ್ದು ಹಾಗೂ ಹೊಸ ವೈದ್ಯರಿಗೆ ಗ್ರಾಮೀಣ ಸೇವೆಯನ್ನು ಕಡ್ಡಾಯಗೊಳಿಸಿದ್ದು ಈ ಯೋಜನೆಗೆ ಆಧಾರವಾಯಿತು. ಹಕ್ಕನ್ನು ಘೋಷಿಸುವ ಮೊದಲು ಸೇವೆಯ ಸ್ಥಳ ಸಿದ್ಧವಾಗಿತ್ತು.

ಆದರೂ ಒಂದು ವರ್ಗವು ಹೊರಗುಳಿಯಿತು. ಗುಡ್ಡಗಾಡಿನ ಹಾಗೂ ಗಡಿ ಪ್ರದೇಶದ ಅನೇಕರಿಗೆ ಪೌರತ್ವದ ದಾಖಲೆ ಇರಲಿಲ್ಲ. ಪ್ರಜೆಗಳೆಲ್ಲರಿಗೂ ನೀಡಿದ ಹಕ್ಕು, ಪ್ರಜೆಯೆಂದು ತೋರಿಸುವ ದಾಖಲೆ ಇಲ್ಲದವರಿಗೆ ದೊರೆಯಲಿಲ್ಲ. ಇಂತಹವರಿಗಾಗಿ 2010ರಲ್ಲಿ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಲಾಯಿತು.

4. ಬಾಂಗ್ಲಾದೇಶ: ಬಾಲಕಿಯರ ಹೆಸರಿನಲ್ಲಿಯೇ ಬ್ಯಾಂಕ್ ಖಾತೆ

ಬಾಂಗ್ಲಾದೇಶದಲ್ಲಿ 1990ರ ದಶಕದ ಆರಂಭದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳ ಪೈಕಿ ಬಾಲಕಿಯರು ಸುಮಾರು ಮೂರನೆಯ ಒಂದು ಭಾಗದಷ್ಟಿದ್ದರು. ಬೇಗನೆ ವಿವಾಹ ಮಾಡುವುದು ಇದಕ್ಕೆ ಒಂದು ಮುಖ್ಯ ಕಾರಣವಾಗಿತ್ತು. 1982ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿದ್ದ ವಿದ್ಯಾರ್ಥಿನಿ ವೇತನ ಯೋಜನೆಯನ್ನು 1994ರಲ್ಲಿ ಗ್ರಾಮಾಂತರ ಪ್ರದೇಶಗಳಿಗೆಲ್ಲ ವಿಸ್ತರಿಸಲಾಯಿತು. ಮಾಸಿಕ ಮೊತ್ತವು ಆರನೆಯ ತರಗತಿಗೆ 25 ಟಾಕಾ ಹಾಗೂ ಹತ್ತನೆಯ ತರಗತಿಗೆ 60 ಟಾಕಾ ಆಗಿತ್ತು. ಬೋಧನಾ ಶುಲ್ಕವನ್ನು ನೇರವಾಗಿ ಶಾಲೆಗೆ ಪಾವತಿಸಲಾಗುತ್ತಿತ್ತು. ವೇತನವು ಬಾಲಕಿಯ ಹೆಸರಿನಲ್ಲಿರುವ ಬ್ಯಾಂಕ್ ಖಾತೆಗೇ ಜಮೆಯಾಗುತ್ತಿತ್ತು.

ವೇತನಕ್ಕೆ ಮೂರು ಷರತ್ತುಗಳಿದ್ದವು: ಶೇಕಡಾ 75ರಷ್ಟು ಹಾಜರಾತಿ, ಪರೀಕ್ಷೆಯಲ್ಲಿ ಶೇಕಡಾ 45ರಷ್ಟು ಅಂಕ, ಹಾಗೂ ಪ್ರೌಢಶಾಲಾ ಅಂತಿಮ ಪರೀಕ್ಷೆಯವರೆಗೆ ಅವಿವಾಹಿತೆಯಾಗಿರುವುದು. ಒಂದು ದಶಕದೊಳಗೆ ಪ್ರೌಢಶಾಲೆಗಳಲ್ಲಿ ಬಾಲಕಿಯರ ಸಂಖ್ಯೆಯು ಬಾಲಕರ ಸಂಖ್ಯೆಯನ್ನು ಮೀರಿತು. ಈ ಬದಲಾವಣೆಗೆ ಇತರ ಕಾರಣಗಳೂ ಇದ್ದವಾದರೂ ಯೋಜನೆಯ ಪಾತ್ರ ದೊಡ್ಡದೆಂಬುದನ್ನು ಸಾಮಾನ್ಯವಾಗಿ ಒಪ್ಪಲಾಗಿದೆ.

ಇಲ್ಲಿಯೂ ಹೊರಗುಳಿದವರಿದ್ದರು. ಪ್ರಾಥಮಿಕ ಹಂತದಲ್ಲಿಯೇ ಶಾಲೆ ಬಿಟ್ಟ ಭೂರಹಿತ ಕುಟುಂಬಗಳ ಬಾಲಕಿಯರು ವೇತನಕ್ಕೆ ಅರ್ಹರಾಗುವ ತರಗತಿಯನ್ನು ತಲುಪುತ್ತಲೇ ಇರಲಿಲ್ಲ. ಮನೆಗೆಲಸದ ಹೊರೆಯಿಂದ ಶಾಲೆ ತಪ್ಪಿಸಿದವರಿಗೆ ಹಾಜರಾತಿಯ ಷರತ್ತು ಅಡ್ಡಿಯಾಗುತ್ತಿತ್ತು. ಷರತ್ತು ಒಳ್ಳೆಯ ಉದ್ದೇಶದ್ದಾದರೂ, ಅದನ್ನು ಪೂರೈಸಲು ಅತಿ ಹೆಚ್ಚು ಕಷ್ಟಪಡುವವರು ಅತಿ ಬಡವರೇ ಆಗಿರುತ್ತಾರೆ. 2008ರ ನಂತರದ ಯೋಜನೆಗಳಲ್ಲಿ ಕುಟುಂಬದ ಬಡತನವನ್ನು ಪರಿಗಣಿಸಿ, ಬಡ ಬಾಲಕರನ್ನೂ ಸೇರಿಸಿಕೊಳ್ಳಲಾಯಿತು.

5. ಇಂಡೋನೇಷ್ಯಾ: ಇಂಧನ ಸಹಾಯಧನದ ಬದಲು ನಗದು ನೆರವು

ಇಂಡೋನೇಷ್ಯಾ ಸರ್ಕಾರವು ದೀರ್ಘಕಾಲ ಪೆಟ್ರೋಲ್, ಡೀಸೆಲ್ ಹಾಗೂ ಸೀಮೆಎಣ್ಣೆಯನ್ನು ಕಡಿಮೆ ದರದಲ್ಲಿ ಒದಗಿಸುತ್ತಿತ್ತು. ಈ ಸಹಾಯಧನದ ಹೆಚ್ಚಿನ ಭಾಗವು ಹೆಚ್ಚು ಇಂಧನ ಬಳಸುವವರಿಗೆ, ಅಂದರೆ ವಾಹನವುಳ್ಳವರಿಗೆ ತಲುಪುತ್ತಿತ್ತು. ಪರಿಸರಕ್ಕೂ ಆಯವ್ಯಯಕ್ಕೂ ಇದು ಹೊರೆಯಾಗಿತ್ತು. 2005ರ ಅಕ್ಟೋಬರ್‌ನಲ್ಲಿ ಪೆಟ್ರೋಲ್ ದರವನ್ನು ಲೀಟರಿಗೆ 2,400 ರೂಪಿಯಾದಿಂದ 4,500 ರೂಪಿಯಾಕ್ಕೂ, ಸೀಮೆಎಣ್ಣೆಯ ದರವನ್ನು 700ರಿಂದ 2,000 ರೂಪಿಯಾಕ್ಕೂ ಏರಿಸಲಾಯಿತು. ಬೆಲೆಯೇರಿಕೆಯಿಂದ ಬಡವರನ್ನು ರಕ್ಷಿಸಲು ಪ್ರತಿ ಬಡ ಕುಟುಂಬಕ್ಕೆ ತಿಂಗಳಿಗೆ 1,00,000 ರೂಪಿಯಾದಂತೆ ಮೂರು ತಿಂಗಳಿಗೊಮ್ಮೆ ಅಂಚೆ ಕಚೇರಿಗಳ ಮೂಲಕ ನಗದು ವಿತರಿಸಲಾಯಿತು.

ಫಲಾನುಭವಿಗಳ ಪಟ್ಟಿಯನ್ನು ಕೆಲವೇ ತಿಂಗಳುಗಳಲ್ಲಿ ಅವಸರವಾಗಿ ಸಿದ್ಧಪಡಿಸಬೇಕಾಯಿತು. ಹೆಸರು ಬಿಟ್ಟುಹೋದವರಿಂದ ಹಲವೆಡೆ ಪ್ರತಿಭಟನೆಗಳಾದವು. ನಂತರ ಹೆಸರುಗಳನ್ನು ಸೇರಿಸುತ್ತಾ ಹೋಗಿ ಫಲಾನುಭವಿ ಕುಟುಂಬಗಳ ಸಂಖ್ಯೆಯು ಸುಮಾರು 1.9 ಕೋಟಿಯಷ್ಟಾಯಿತು. ಈ ಅನುಭವದ ಹಿನ್ನೆಲೆಯಲ್ಲಿ, ಜನಸಂಖ್ಯೆಯ ಕೆಳಸ್ತರದ ಶೇಕಡಾ 40ರಷ್ಟು ಕುಟುಂಬಗಳ ವಿವರವನ್ನೊಳಗೊಂಡ ಏಕೀಕೃತ ದತ್ತಸಂಚಯವನ್ನು 2011ರಲ್ಲಿ ರೂಪಿಸಲಾಯಿತು.

ಪಟ್ಟಿಯನ್ನು ಯಾರು ಮಾಡಬೇಕು ಎಂಬುದರ ಬಗ್ಗೆ ಇದೇ ದೇಶದ 640 ಗ್ರಾಮವಸತಿಗಳಲ್ಲಿ ನಡೆದ ಒಂದು ಅಧ್ಯಯನವು 2012ರಲ್ಲಿ ಪ್ರಕಟವಾಯಿತು. ಕೆಲವೆಡೆ ಮನೆ, ಆಸ್ತಿ ಮುಂತಾದ ವಿವರಗಳನ್ನು ಆಧರಿಸಿದ ಅಂಕಗಳಿಂದ ಬಡವರನ್ನು ಗುರುತಿಸಲಾಯಿತು. ಇನ್ನು ಕೆಲವೆಡೆ ಗ್ರಾಮಸ್ಥರೇ ಸಭೆ ಸೇರಿ ಕುಟುಂಬಗಳನ್ನು ಕ್ರಮವಾಗಿ ಪಟ್ಟಿ ಮಾಡಿದರು. ಖರ್ಚು-ವೆಚ್ಚದ ಅಳತೆಯಲ್ಲಿ ಅಂಕಗಳ ವಿಧಾನವು ತುಸು ನಿಖರವಾಗಿತ್ತು. ಆದರೆ ಗ್ರಾಮಸ್ಥರು ಮಾಡಿದ ಪಟ್ಟಿಯ ಬಗ್ಗೆ ಜನರಲ್ಲಿ ಹೆಚ್ಚು ಸಮಾಧಾನವಿತ್ತು, ದೂರುಗಳೂ ಕಡಿಮೆಯಿದ್ದವು. ವಿಧವೆಯರಂತಹ ಆಸರೆಯಿಲ್ಲದವರ ಕಷ್ಟವು ಅಂಕಗಳಿಗೆ ಕಾಣದಿದ್ದರೂ ನೆರೆಹೊರೆಯವರಿಗೆ ತಿಳಿದಿರುತ್ತದೆ ಎಂಬುದನ್ನು ಇಲ್ಲಿ ಗಮನಿಸಬಹುದು.

6. ನೇಪಾಳ: ಕಾಡಿನ ರಕ್ಷಣೆ ಬಳಕೆದಾರರ ಕೈಗೆ

ನೇಪಾಳವು 1957ರಲ್ಲಿ ಖಾಸಗಿ ಅರಣ್ಯಗಳನ್ನು ರಾಷ್ಟ್ರೀಕರಣಗೊಳಿಸಿತು. ತಮ್ಮದೆಂದು ಭಾವಿಸಿ ಕಾಯ್ದುಕೊಂಡು ಬಂದಿದ್ದ ಕಾಡು ಸರ್ಕಾರದ್ದಾದಾಗ, ಗ್ರಾಮಸ್ಥರಿಗೆ ಅದನ್ನು ಕಾಯುವ ಕಾರಣ ಉಳಿಯಲಿಲ್ಲ. ಕಡಿಮೆ ಸಿಬ್ಬಂದಿಯ ಇಲಾಖೆಗೆ ಎಲ್ಲ ಗುಡ್ಡಗಳನ್ನು ಕಾಯುವುದೂ ಸಾಧ್ಯವಾಗಲಿಲ್ಲ. ಈ ನೀತಿಯನ್ನು 1978ರಿಂದ ಹಂತಹಂತವಾಗಿ ಬದಲಿಸಿ, 1993ರ ಅರಣ್ಯ ಕಾಯ್ದೆಯ ಮೂಲಕ ಸಮುದಾಯ ಅರಣ್ಯ ಬಳಕೆದಾರರ ಗುಂಪುಗಳಿಗೆ ಕಾನೂನಿನ ಮಾನ್ಯತೆ ನೀಡಲಾಯಿತು. ಭೂಮಿಯ ಒಡೆತನ ಸರ್ಕಾರದ್ದಾಗಿಯೇ ಇದ್ದು, ಸೌದೆ, ಹುಲ್ಲು ಹಾಗೂ ಮರಮಟ್ಟುಗಳನ್ನು ಬಳಸುವ ಮತ್ತು ಮಾರುವ ಅಧಿಕಾರ ಗುಂಪಿನದಾಯಿತು. ಇಂದು ಇಂತಹ ಗುಂಪುಗಳ ಸಂಖ್ಯೆಯು 22,000ಕ್ಕೂ ಹೆಚ್ಚಾಗಿದೆ. 2015ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅರಣ್ಯ ಮತ್ತು ಇತರ ಮರಗಿಡಗಳಿರುವ ಪ್ರದೇಶವು ದೇಶದ ವಿಸ್ತೀರ್ಣದ ಶೇಕಡಾ 44.74ರಷ್ಟಿತ್ತು. ಇದು 1990ರ ದಶಕಕ್ಕಿಂತ ಹೆಚ್ಚು.

ಕಾಡು ಬೆಳೆಯಿತು, ಆದರೆ ಆರಂಭದಲ್ಲಿ ಅದರ ಬೆಲೆಯನ್ನು ತೆತ್ತವರು ಬಡವರು. ಕಾಡನ್ನು ಚೇತರಿಸಲು ಕೆಲವು ವರ್ಷ ಮೇವು ಮತ್ತು ಸೌದೆ ತರುವುದನ್ನು ನಿರ್ಬಂಧಿಸಿದಾಗ, ಸ್ವಂತ ಜಮೀನಿನಲ್ಲಿ ಮರಗಳಿದ್ದವರಿಗೆ ಹೆಚ್ಚಿನ ತೊಂದರೆಯಾಗಲಿಲ್ಲ. ಜಮೀನಿಲ್ಲದವರಿಗೆ ಆ ಕಾಡೇ ಆಧಾರವಾಗಿತ್ತು. ಗುಂಪಿನ ಸಮಿತಿಗಳಲ್ಲಿ ಅನುಕೂಲಸ್ಥ ಪುರುಷರೇ ಹೆಚ್ಚಾಗಿದ್ದುದರಿಂದ ಈ ದೂರು ಸಭೆಯಲ್ಲಿ ಚರ್ಚೆಗೆ ಬರುತ್ತಿರಲಿಲ್ಲ. ಇದನ್ನು ಸರಿಪಡಿಸಲು 2009ರ ಮಾರ್ಗಸೂಚಿಯಲ್ಲಿ ಸಮಿತಿಯ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ನೀಡುವಂತೆಯೂ, ಆದಾಯದ ನಿಗದಿತ ಪಾಲನ್ನು ಬಡ ಕುಟುಂಬಗಳಿಗಾಗಿ ವೆಚ್ಚ ಮಾಡುವಂತೆಯೂ ಸೂಚಿಸಲಾಯಿತು. ಬಡ ಕುಟುಂಬಗಳು ಯಾವುವು ಎಂಬುದನ್ನು ಗುಂಪಿನ ಸದಸ್ಯರೇ ಚರ್ಚಿಸಿ ಗುರುತಿಸುತ್ತಾರೆ.

7. ಭಾರತ: ಕೇಳಿದವರಿಗೆ ಕೆಲಸ

ಭಾರತದಲ್ಲಿ 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು 2006ರ ಫೆಬ್ರವರಿ 2ರಿಂದ 200 ಜಿಲ್ಲೆಗಳಲ್ಲಿ ಜಾರಿಗೆ ಬಂದು, 2008ರಲ್ಲಿ ಎಲ್ಲ ಗ್ರಾಮೀಣ ಜಿಲ್ಲೆಗಳಿಗೆ ವಿಸ್ತರಣೆಯಾಯಿತು. 2009ರಲ್ಲಿ ಇದಕ್ಕೆ ಮಹಾತ್ಮ ಗಾಂಧಿಯವರ ಹೆಸರನ್ನು ಸೇರಿಸಲಾಯಿತು. ಕೌಶಲರಹಿತ ದೈಹಿಕ ಕೆಲಸ ಮಾಡಲು ಮುಂದೆ ಬರುವ ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿ ಕೆಲಸದ ಹಕ್ಕನ್ನು ಈ ಕಾಯ್ದೆಯು ನೀಡಿತು. ಬಡತನದ ಪ್ರಮಾಣಪತ್ರವನ್ನು ಇಲ್ಲಿ ಕೇಳಲಿಲ್ಲ. ಬಿಸಿಲಿನಲ್ಲಿ ಮಣ್ಣು ಅಗೆಯಲು ಒಪ್ಪುವವರಿಗೆ ಕೆಲಸದ ಅಗತ್ಯ ಇದ್ದೇ ಇರುತ್ತದೆ ಎಂಬ ತಿಳಿವಳಿಕೆಯು ಅದಕ್ಕೆ ಆಧಾರವಾಗಿತ್ತು.

ಅರ್ಜಿ ಸಲ್ಲಿಸಿದ 15 ದಿನಗಳೊಳಗೆ ಕೆಲಸ ನೀಡಬೇಕಾಗಿತ್ತು. ತಪ್ಪಿದಲ್ಲಿ ನಿರುದ್ಯೋಗ ಭತ್ಯೆ ಕೊಡಬೇಕಾಗಿತ್ತು. ಫಲಾನುಭವಿಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಮಹಿಳೆಯರಿರಬೇಕಿತ್ತು. ಜಲ ಸಂರಕ್ಷಣೆ, ಬರ ತಡೆಗಟ್ಟುವಿಕೆ, ಕೆರೆಗಳ ಹೂಳೆತ್ತುವಿಕೆ ಮುಂತಾದ ಕೆಲಸಗಳಿಗೆ ಆದ್ಯತೆಯಿದ್ದುದರಿಂದ, ಇಂದಿನ ಕೂಲಿಯೂ ನಾಳೆಯ ನೀರೂ ಒಂದೇ ಯೋಜನೆಯಲ್ಲಿ ಸೇರಿದ್ದವು. ಕಾಮಗಾರಿಗಳ ಲೆಕ್ಕವನ್ನು ಗ್ರಾಮಸಭೆಯ ಸಾಮಾಜಿಕ ಪರಿಶೋಧನೆಗೆ ಒಳಪಡಿಸಬೇಕಾಗಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಬದಲಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿದ್ದು, ದಿನಗಳ ಸಂಖ್ಯೆಯನ್ನು ಅದರಲ್ಲಿ 125ಕ್ಕೆ ನಿಗದಿಪಡಿಸಲಾಗಿದೆ.

2005ರ ಕಾಯ್ದೆಯ ಅನುಭವದಲ್ಲಿ ಕಂಡುಬಂದ ಒಂದು ನ್ಯೂನತೆಯು ಅರ್ಜಿದಾರರಿಗೆ ನೇರವಾಗಿ ಸಂಬಂಧಿಸಿದ್ದಾಗಿದೆ. 15 ದಿನಗಳ ಅವಧಿಯು ಅರ್ಜಿಯ ದಿನಾಂಕದಿಂದ ಆರಂಭವಾಗುತ್ತಿತ್ತು. ಅನೇಕ ಕಡೆ ಬಾಯಿಮಾತಿನಲ್ಲಿ ಕೆಲಸ ಕೇಳಲಾಗುತ್ತಿತ್ತು. ದಿನಾಂಕ ನಮೂದಿಸಿದ ಸ್ವೀಕೃತಿಯನ್ನು ಕೊಡುತ್ತಿರಲಿಲ್ಲ. ದಿನಾಂಕವಿಲ್ಲದ ಮೇಲೆ ವಿಳಂಬವೂ ಇಲ್ಲ, ಭತ್ಯೆಯೂ ಇಲ್ಲ. ಕಾಯ್ದೆಯು ಕೊಟ್ಟ ಹಕ್ಕು ಒಂದು ಚೀಟಿಯ ಕೊರತೆಯಿಂದ ಕೈತಪ್ಪುತ್ತಿತ್ತು.

8. ಈ ಅನುಭವಗಳಿಂದ ತಿಳಿದುಬರುವ ಅಂಶಗಳು

(ಅ) ಸೌಲಭ್ಯವು ಕಾನೂನಿನ ಹಕ್ಕಾದಾಗ ಅದು ಹೆಚ್ಚು ಕಾಲ ಉಳಿಯುತ್ತದೆ. ಪ್ರಶ್ನಿಸುವ ಅವಕಾಶವೂ ಜನರಿಗಿರುತ್ತದೆ.

(ಆ) ಪ್ರತಿಯೊಂದು ಷರತ್ತು ಮತ್ತು ದಾಖಲೆಯು ಕೆಲವರನ್ನು ಹೊರಗಿಡುತ್ತದೆ. ಅವರು ಯಾರು ಎಂಬುದನ್ನು ಮೊದಲೇ ಯೋಚಿಸಿ, ಅವರಿಗೆ ಬದಲಿ ವ್ಯವಸ್ಥೆ ಕಲ್ಪಿಸುವುದು ಅವಶ್ಯಕ.

(ಇ) ಬಹಿರಂಗವಾಗಿ ಓದಿ, ಆಕ್ಷೇಪಣೆಗೆ ಅವಕಾಶ ನೀಡಿದ ಪಟ್ಟಿಯನ್ನು ಜನರು ನಂಬುತ್ತಾರೆ. ಅವಸರದಲ್ಲಿ ಮಾಡಿದ ಪಟ್ಟಿಯನ್ನು ನಂತರ ಸರಿಪಡಿಸುವುದು ಹೆಚ್ಚು ದುಬಾರಿ.

(ಈ) ಪರಿಸರ ರಕ್ಷಣೆಯ ಭಾರವು ಬಡವರ ಮೇಲೆ ಮೊದಲು ಬೀಳುತ್ತದೆ. ಅದರ ಲಾಭದಲ್ಲಿ ಅವರಿಗೆ ಪಾಲು ಇಲ್ಲದಿದ್ದಲ್ಲಿ ರಕ್ಷಣೆಯೂ ಬಹುಕಾಲ ನಿಲ್ಲುವುದಿಲ್ಲ.

9. ಅರ್ಜಿದಾರರ ಗಮನಕ್ಕೆ

ಹೊರಗುಳಿದ ಅರ್ಹರು ತಾವಾಗಿ ದಾಖಲೆಗೆ ಬರುವ ಮಾರ್ಗವೆಂದರೆ ಅರ್ಜಿ, ಆಕ್ಷೇಪಣೆ ಮತ್ತು ಮೇಲ್ಮನವಿ. ಆದುದರಿಂದ ಕೆಳಕಂಡ ಅಂಶಗಳನ್ನು ಗಮನದಲ್ಲಿಡುವುದು ಒಳಿತು.

• ಅರ್ಜಿ ಸಲ್ಲಿಸಿದಾಗ ದಿನಾಂಕ ನಮೂದಿಸಿದ ಸ್ವೀಕೃತಿಯನ್ನು ತಪ್ಪದೆ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು.

• ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ತಿಳಿಸುವ ಲಿಖಿತ ಹಿಂಬರಹವನ್ನು ಕೇಳಿ ಪಡೆಯಬೇಕು.

• ಕರಡು ಪಟ್ಟಿಯನ್ನು ಪ್ರಕಟಿಸಿದಾಗ ಹಾಗೂ ಗ್ರಾಮಸಭೆಯಲ್ಲಿ ಓದಿದಾಗ ತಮ್ಮ ಹೆಸರಿನೊಂದಿಗೆ, ಓದು ಬಾರದ ನೆರೆಹೊರೆಯವರ ಹೆಸರನ್ನೂ ಪರಿಶೀಲಿಸುವುದು ಉಪಯುಕ್ತ.

• ಕರ್ನಾಟಕದಲ್ಲಿ 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆಯು 2012ರಿಂದ ಸಕಾಲ ಎಂಬ ಹೆಸರಿನಲ್ಲಿ ಜಾರಿಗೊಂಡಿದೆ. ಇದರಡಿ ಅಧಿಸೂಚಿತವಾದ ಸೇವೆಗಳಿಗೆ ಕಾಲಮಿತಿಯಿದ್ದು, ವಿಳಂಬವಾದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚವನ್ನು ಪಡೆಯಲು ಕಾಯ್ದೆಯಲ್ಲಿ ಅವಕಾಶ ಕಲ್ಪಿಸಲಾಗಿದೆ. ಸ್ವೀಕೃತಿಯಲ್ಲಿರುವ ಸಕಾಲ ಸಂಖ್ಯೆಯು ಇದಕ್ಕೆ ಆಧಾರ.

• 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿ, ತಮ್ಮ ಕಡತದ ಸ್ಥಿತಿಯನ್ನು ತಿಳಿಯಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ.

ಥಾಯ್ಲೆಂಡ್‌ನ ಗುಡ್ಡಗಾಡಿನ ನಿವಾಸಿಯಾಗಲಿ, ನೇಪಾಳದ ಜಮೀನಿಲ್ಲದ ಮಹಿಳೆಯಾಗಲಿ, ತಾವು ಹೊರಗುಳಿದಿದ್ದೇವೆ ಎಂಬುದು ದಾಖಲಾದ ನಂತರವೇ ನಿಯಮಗಳು ಬದಲಾದವು. ಅರ್ಹ ನಾಗರಿಕರೊಬ್ಬರು ಸಲ್ಲಿಸುವ ಆಕ್ಷೇಪಣೆಯಿಂದ ಅವರಿಗೆ ಮಾತ್ರವಲ್ಲದೆ ಅವರಂತೆಯೇ ಬಿಟ್ಟುಹೋದ ಇತರರಿಗೂ ಅನುಕೂಲವಾಗುತ್ತದೆ. ಸಾರ್ವಜನಿಕರು ಈ ಅವಕಾಶಗಳ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.

ಸೂಚನೆ: ಈ ಲೇಖನವು ಸಾರ್ವಜನಿಕರ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಅರ್ಹತೆ, ಶುಲ್ಕ ಹಾಗೂ ಕಾಲಮಿತಿಗೆ ಸಂಬಂಧಿಸಿದಂತೆ ಸಂಬಂಧಪಟ್ಟ ಕಾಯ್ದೆ, ನಿಯಮ ಮತ್ತು ಆದೇಶಗಳಲ್ಲಿರುವ ಅಂಶಗಳೇ ಅಂತಿಮವಾಗಿರುತ್ತವೆ.